ಗುಂಡು ಒಂದು ಗೇಣು ಹಿಂದೆ ಬಿತ್ತು

ಮೊದಲ ಸಲ ನಾನು ಫೇಲಾಗಿದ್ದು ಪುಸ್ತಕದಲ್ಲಿ ಅಲ್ಲ, ಮೈದಾನದಲ್ಲಿ. ಪೊಲೀಸ್ ಕಾನ್‌ಸ್ಟೇಬಲ್ ಲಿಖಿತ ಪರೀಕ್ಷೆ ಪಾಸಾಗಿತ್ತು. ಎತ್ತರ ಅಳೆದರು, 157 ಸೆಂ.ಮೀ. ಬೇಕಿತ್ತು, ನಾನು 159. ಓಟ, ಉದ್ದ ಜಿಗಿತ ಎರಡೂ ಆಯ್ತು. ಆಮೇಲೆ 4 ಕೆ.ಜಿ. ಗುಂಡು. ಹೆಣ್ಮಕ್ಕಳು 3.75 ಮೀಟರ್ ಎಸೆಯಬೇಕು, ಮೂರು ಅವಕಾಶ. ಮೂರೂ ಸಲ ಗೆರೆಗಿಂತ ಒಂದು ಗೇಣು ಹಿಂದೆಯೇ ಬಿತ್ತು. ದಿನಾ ಕೊಡ ಹೊತ್ತು ಬೆಳೆದವಳು ನಾನು, ಗುಂಡು ಏನು ಮಹಾ ಅಂದುಕೊಂಡಿದ್ದೆ. ಅದನ್ನು ಕೈಯಲ್ಲಿ ಹಿಡಿದಿದ್ದೇ ಅವತ್ತು ಮೊದಲು ಅಂದ್ರೆ ನಗ್ತೀರಿ.

ಧಾರವಾಡದ ಸಪ್ತಾಪುರದಲ್ಲಿ ನಾಲ್ವರು ಹುಡುಗಿಯರು ಒಂದು ರೂಮು ಹಿಡಿದು ಓದುತ್ತಿದ್ದೆವು. ಕೋಚಿಂಗ್‌ನಲ್ಲಿ ಫಿಸಿಕಲ್ ಬಗ್ಗೆ ಕೇಳಿದರೆ "ಅದು ಆಗತೈತಿ ಬಿಡ್ರಿ" ಅನ್ನೋರು. ಆಗಲಿಲ್ಲ. ರೋಣ ತಾಲ್ಲೂಕಿನ ನಮ್ಮೂರಿಗೆ ವಾಪಸ್ ಬಂದೆ. ಅಪ್ಪ ಗಂಡು ನೋಡುವ ಮಾತು ತೆಗೆದರು. ಒಂದು ವರ್ಷ ಕೊಡಿ ಅಂತ ಕೇಳಿದೆ, ಅವ್ವ ನನ್ನ ಪರ ನಿಂತಳು.

ನಾನು ಓದಿದ ಶಾಲೆಯ ಪಿಟಿ ಸರ್ ಶಾಲೆಯ ಗುಂಡನ್ನೇ ಮನೆಗೆ ಒಯ್ಯಲು ಕೊಟ್ಟರು. ನನ್ನ ಎಸೆತ ನೋಡಿ ಒಂದೇ ಮಾತು ಹೇಳಿದರು: "ಯವ್ವಾ, ನೀ ಕೈಲೆ ಒಗಿಯಾಕತ್ತಿ. ಕಾಲಿಲೆ ಒಗಿ." ಗುಂಡು ಅಂಗೈ ಮೇಲಲ್ಲ, ಬೆರಳುಗಳ ಬುಡದಲ್ಲಿ ಕೂರಬೇಕು. ಕುತ್ತಿಗೆಗೆ ಒತ್ತಿರಬೇಕು. ಮೊಣಕಾಲು ಬಗ್ಗಿಸಿ, ಹಿಂದಿನ ಕಾಲಿನಿಂದ ನೆಲ ಒದ್ದು, ಸೊಂಟ ತಿರುಗಿ, ಕೊನೆಗೆ ಕೈ ಮೇಲಕ್ಕೆ ತಳ್ಳಬೇಕು. ಕಲ್ಲು ಬೀಸಿದ ಹಾಗೆ ಬೀಸಿದರೆ ಫೌಲ್, ಭುಜವೂ ಹೋಗುತ್ತೆ. ಎಸೆದ ಜೋರಿಗೆ ವೃತ್ತದ ಮುಂದಕ್ಕೆ ಕಾಲಿಟ್ಟರೂ ಫೌಲ್. ಇದು ಮೈಗೆ ಹತ್ತೋಕೆ ನನಗೆ ಎರಡು ತಿಂಗಳು ಬೇಕಾಯ್ತು.

ಓಟ 400 ಮೀಟರ್, 2 ನಿಮಿಷ. ನೂರು ಮೀಟರಿಗೆ 30 ಸೆಕೆಂಡ್ ಸಿಗುತ್ತೆ, ಅಷ್ಟೇನೂ ಬಿರುಸಲ್ಲ. ಆದರೂ ಎಷ್ಟೋ ಹುಡುಗಿಯರು ಮೊದಲ ನೂರರಲ್ಲೇ ಜೀವ ಬಿಟ್ಟು ಓಡಿ ಮುನ್ನೂರಕ್ಕೆ ಕೂತುಬಿಡ್ತಾರೆ. ಫೋನಿನಲ್ಲಿ ಟೈಮ್ ಇಟ್ಟುಕೊಂಡು ಒಂದೇ ಹದದಲ್ಲಿ ಓಡಿ. ನಮ್ಮದು ಎರೆ ಮಣ್ಣು, ಮಳೆ ಬಂದರೆ ಮೈದಾನ ಕಾಲು ಬಿಡಲ್ಲ, ಆಗ ಊರ ಹೊರಗಿನ ರಸ್ತೆ. ಬೆಳಗಿನ ಐದಕ್ಕೆ ಒಬ್ಬಳೇ ಹೇಗೆ ಅಂತ ತಮ್ಮ ಸೈಕಲ್ ತಗೊಂಡು ಹಿಂದೆ ಬರ್ತಿದ್ದ, ಅರ್ಧ ನಿದ್ದೆಯಲ್ಲಿ. ಮುಟ್ಟಿನ ದಿನಗಳಲ್ಲೂ ಸ್ವಲ್ಪ ಓಡಿ ರೂಢಿ ಮಾಡಿಕೊಂಡೆ, ಪರೀಕ್ಷೆಯ ತಾರೀಖು ನಮ್ಮನ್ನು ಕೇಳಿ ಇಡಲ್ಲ ಅಲ್ವಾ. ಊಟಕ್ಕೆ ಪೌಡರ್ ಗೀಡರ್ ಏನಿಲ್ಲ. ರೊಟ್ಟಿ, ಮೊಳಕೆ ಹೆಸರುಕಾಳು, ಶೇಂಗಾ ಉಂಡಿ.

ಲಿಖಿತಕ್ಕೆ 100 ಪ್ರಶ್ನೆ, 90 ನಿಮಿಷ, ಒಂದು ತಪ್ಪಿಗೆ ಕಾಲು ಅಂಕ ಕಟ್. ಆರರಿಂದ ಹತ್ತನೇ ತರಗತಿಯ ಸಮಾಜ, ವಿಜ್ಞಾನ ಪುಸ್ತಕಗಳನ್ನೇ ತಿರುತಿರುಗಿ ಓದಿದೆ. ಒಂದು ಎಚ್ಚರಿಕೆ: 2024ರ ಜುಲೈ 1ರಿಂದ ಹಳೆ ದಂಡ ಸಂಹಿತೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸೀನಿಯರ್ ಕೊಟ್ಟರು ಅಂತ ಹಳೆ ಗೈಡ್ ಹಿಡಿದು ಕೂರಬೇಡಿ.

ಮೀಸಲಾತಿಗೆ ಕೇಳುವ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣ ಪತ್ರಗಳನ್ನೂ ಮೊದಲೇ ಮಾಡಿಸಿಡಿ. ಹೆಡ್‌ಮಾಸ್ಟರ್ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಅಂತ ಓಡಾಡೋದೇ ಇನ್ನೊಂದು ಫಿಸಿಕಲ್ ಟೆಸ್ಟ್.

ಈಗ ಹುಬ್ಬಳ್ಳಿಯಲ್ಲಿ ಡ್ಯೂಟಿ. ಹೆಣ್ಮಕ್ಕಳನ್ನು ತಪಾಸಣೆ ಮಾಡಬೇಕಂದ್ರೆ ಹೆಣ್ಮಕ್ಕಳೇ ಮಾಡಬೇಕು, ಹಾಗಾಗಿ ರಾತ್ರಿ ಎಷ್ಟು ಹೊತ್ತಿಗಾದರೂ ಕರೆ ಬರುತ್ತೆ. ಬಂದೋಬಸ್ತಿನಲ್ಲಿ ಶೌಚಾಲಯ ಎಲ್ಲಿದೆ ಅಂತ ಮೊದಲು ನೋಡಿಕೊಳ್ಳೋದು ಕೂಡ ಕೆಲಸದ ಭಾಗವೇ, ಅದನ್ನು ಯಾವ ಕೋಚಿಂಗ್‌ನಲ್ಲೂ ಹೇಳಿಕೊಡಲ್ಲ.

ಎರಡನೇ ಸಲ ಮೊದಲ ಎಸೆತಕ್ಕೇ ಗುಂಡು ಗೆರೆ ದಾಟಿತ್ತು. ಅಲ್ಲಿಂದಲೇ ಪಿಟಿ ಸರ್‌ಗೆ ಫೋನ್ ಮಾಡಿದೆ. "ಚಲೋ ಆತು," ಅಂದರು, "ಹಂಗಾರ ಇನ್ನ ಸಾಲಿ ಗುಂಡು ತಂದು ಕೊಡು."