ಸಿಗಾರ್ ಮೇಲೋ, ಬರ್ಬನ್ ಮೇಲೋ: ನಿಪ್ಪಾಣಿ ಮೂಗಿಗೆ ತಿಳಿದದ್ದು

ನಾನು ಹುಟ್ಟಿ ಬೆಳೆದದ್ದು ನಿಪ್ಪಾಣಿಯಲ್ಲಿ. ಬೀಡಿ ತಂಬಾಕಿನ ಊರು. ವಖಾರದ ಬಾಗಿಲು ತೆರೆದರೆ ಓಣಿ ತುಂಬ ಘಾಟು. ಹೊಸಬರು ಸೀನುತ್ತಾರೆ, ನಮಗೆ ಅದು ಮನೆಯ ವಾಸನೆ. ಅಪ್ಪ ತಂಬಾಕು ಬೆಳೆದವರು. 1981ರಲ್ಲಿ ರೈತ ನಾಯಕ ಶರದ್ ಜೋಶಿಯವರ ಮುಂದಾಳತ್ವದಲ್ಲಿ ಬೆಳೆಗಾರರು ಎಲೆಗೆ ನ್ಯಾಯವಾದ ಬೆಲೆ ಕೇಳಿ ಹೆದ್ದಾರಿ ತಡೆದರಲ್ಲ, ಆಗ ಅಪ್ಪನೂ ರಸ್ತೆ ಮೇಲೆ ಕೂತಿದ್ದರು. ಹಾಗಾಗಿ ತಂಬಾಕಿನ ಎಲೆಯನ್ನು ನಾನು ಹಗುರವಾಗಿ ನೋಡುವವನಲ್ಲ.

ಈಗ ಇರುವುದು ಬೆಳಗಾವಿಯ ಟಿಳಕವಾಡಿಯಲ್ಲಿ. ಬರ್ಬನ್ ಅಂದರೆ ಅಮೆರಿಕದ ಒಂದು ಬಗೆಯ ವಿಸ್ಕಿ, ಅದರ ಹುಚ್ಚು ಹಿಡಿಸಿದವನು ನನ್ನ ದೋಸ್ತ. ಸಿಗಾರ್ ರುಚಿ ಹತ್ತಿದ್ದು ತಂಗಿಯ ಮಗ ಅಮೆರಿಕದಿಂದ ತಂದಾಗ. ಎರಡರಲ್ಲಿ ಯಾವುದು ಹೆಚ್ಚು ಅಂತ ದೋಸ್ತನಿಗೂ ನನಗೂ ವಾದ ಶುರುವಾಯಿತು. ಸುಮ್ನೆ ಮಾತಾಡಿ ಏನು ಪ್ರಯೋಜನ, ಕೂತು ನೋಡೋಣ ಅಂತ ಚಳಿಗಾಲದ ಕೆಲವು ಸಂಜೆ ಮಾಳಿಗೆ ಮೇಲೆ ಕೂತೆವು. ಅಪ್ಪನ ಹಳೆಯ ಲೆಕ್ಕದ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದುಕೊಂಡೆ.

ಸಿಗಾರ್ ಎರಡು ಬಗೆ ಇಟ್ಟುಕೊಂಡೆವು. ಒಂದು ಮಕನೂಡೊ ಕೆಫೆ. ಮೇಲಿನ ಹೊದಿಕೆಯ ಎಲೆ ಕನೆಕ್ಟಿಕಟ್ ತಳಿಯದು, ನೆರಳಲ್ಲಿ ಬೆಳೆದದ್ದು, ತೆಳು ಕಂದು. ಇನ್ನೊಂದು ನಿಕರಾಗುವಾದ ಪಾಡ್ರೋನ್ 2000, ಮಡೂರೋ ಹೊದಿಕೆ. ಮಡೂರೋ ಎಂದರೆ ಹೆಚ್ಚು ದಿನ, ಹೆಚ್ಚು ಕಾವಿನಲ್ಲಿ ಮಾಗಿಸಿದ ಎಲೆ, ಅದಕ್ಕೇ ಆ ಕಪ್ಪು. ಬರ್ಬನ್‌ನಲ್ಲೂ ಎರಡು: ಮೇಕರ್ಸ್ ಮಾರ್ಕ್ ಮತ್ತು ವೈಲ್ಡ್ ಟರ್ಕಿ 101. ಮೊದಲನೆಯದರಲ್ಲಿ ರೈ ಕಾಳಿನ (ಸಾಸಿವೆ ಅಲ್ಲ, ಗೋದಿಯಂಥದೇ ಒಂದು ಧಾನ್ಯ) ಬದಲು ಗೋದಿ ಹಾಕುತ್ತಾರೆ, ಆಲ್ಕೋಹಾಲ್ 45%. ಎರಡನೆಯದು 50.5%, ರೈ ಕಾಳಿನ ಖಾರ ನಾಲಿಗೆಗೆ ನೇರವಾಗಿ ತಾಗುತ್ತದೆ.

ಬರ್ಬನ್ ಅನ್ನಿಸಿಕೊಳ್ಳಬೇಕಾದರೆ ಕಾಳಿನಲ್ಲಿ ಕನಿಷ್ಠ 51% ಗೋವಿನಜೋಳ ಇರಬೇಕು, ಒಳಮೈ ಸುಟ್ಟು ಕರಕು ಮಾಡಿದ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಬಣ್ಣವೆಲ್ಲ ಆ ಮರದ್ದು. ರುಚಿಯ ದೊಡ್ಡ ಪಾಲೂ ಅದರದ್ದೇ. ಸುಟ್ಟ ಮರದಿಂದ ವೆನಿಲ್ಲಾ ವಾಸನೆ ಬರುತ್ತದೆ, ಮರದಲ್ಲಿರುವ ಸಕ್ಕರೆ ಕಂದು ತಿರುಗಿದ ರುಚಿ ಬರುತ್ತದೆ. ಮೇಕರ್ಸ್ ಮಾರ್ಕ್‌ನ ಮೊದಲ ಗುಟುಕಿಗೇ ನಾನು ಹೇಳಿದೆ, ಇದು ನಮ್ಮ ಕುಂದಾ! ಹಾಲು ಸಕ್ಕರೆ ಕುದಿಸಿ ಕುದಿಸಿ ಬಾಣಲೆಯ ತಳಕ್ಕೆ ಹತ್ತುತ್ತದಲ್ಲ, ಕೆರೆದು ತೆಗೆದ ಆ ಕಂದು ಚೂರಿನ ವಾಸನೆ, ಅದೇ. ದೋಸ್ತ ಇನ್ನೊಂದು ಗುಟುಕು ಕುಡಿದು, "ಹೌದಲೇ, ಕುಂದಾನ ಐತಿ" ಅಂದ.

ಸಿಗಾರಿನ ರುಚಿ ಬೇರೆ ಕಡೆಯಿಂದ ಬರುತ್ತದೆ. ಒಣಗಿದ ಎಲೆಯನ್ನು ದೊಡ್ಡ ರಾಶಿ ಹಾಕುತ್ತಾರೆ. ಒಳಗೆ ತಾನೇ ಕಾವು ಏರುತ್ತದೆ, ರಾಶಿ ಒಡೆದು ತಿರುವಿ ಮತ್ತೆ ಹಾಕುತ್ತಾರೆ. ಅಮೋನಿಯಾದ ಘಾಟು ಹೋಗುವುದು ಆಗಲೇ. ಗಿಡದ ತುದಿಯ ಎಲೆಗೆ ಲಿಖೇರೊ ಅನ್ನುತ್ತಾರೆ. ಬಿಸಿಲು ಜಾಸ್ತಿ ಕುಡಿದ ದಪ್ಪ ಎಲೆ, ಖಾರವೂ ಜಾಸ್ತಿ. ಇದನ್ನು ಅಪ್ಪನಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಮತ್ತ, ಕುಡಿ ಮುರಿದ ಮ್ಯಾಲ ಮ್ಯಾಲಿನ ಎಲಿಗೇ ಕಸುವು ಏರ್ತೈತಿ" ಅಂದರು. ಹಚ್ಚದ ಪಾಡ್ರೋನ್ ಕೈಗೆ ಕೊಟ್ಟೆ. ಹೆಬ್ಬೆರಳಿನಿಂದ ಹೊದಿಕೆ ಸವರಿದರು, ಕಿವಿ ಹತ್ತಿರ ಹಿಡಿದು ಮೆಲ್ಲಗೆ ಒತ್ತಿದರು, ಆಮೇಲೆ ಮೂಸಿದರು. "ಚಲೋ ಮಾಗೈತಿ."

ಮೊದಲ ಸಂಜೆ ಎಡವಿದೆವು. ಪಾಡ್ರೋನ್ ಜೊತೆ ವೈಲ್ಡ್ ಟರ್ಕಿ, ಅದೂ ಖಾಲಿ ಹೊಟ್ಟೆಯಲ್ಲಿ. ಅರ್ಧ ಸಿಗಾರಿಗೆ ತಲೆ ಗಿರ್ರೆಂದಿತು, ಬೆವರು ಬಂತು. ಒಂದು ತುಂಡು ಬೆಲ್ಲ ತಿಂದು ನೀರು ಕುಡಿದು ಮಲಗಬೇಕಾಯಿತು. ಅಂದಿನಿಂದ ರೊಟ್ಟಿ ಊಟ ಆಗದೆ ಸಿಗಾರ್ ಹಚ್ಚುವುದಿಲ್ಲ. ಹೊಗೆಯನ್ನು ಬಾಯಲ್ಲಿ ಆಡಿಸಿ ಬಿಡುವುದು ಅಷ್ಟೇ, ಎದೆಗೆ ಎಳೆಯುವುದಿಲ್ಲ. ಹಾಗಂತ ಹಾನಿ ಇಲ್ಲ ಅಂತಲ್ಲ. ತಂಬಾಕು ತಂಬಾಕೇ. ತಿಂಗಳಿಗೆ ಒಂದು, ಹೆಚ್ಚೆಂದರೆ ಎರಡು ಅಂತ ನಾನೇ ಹಾಕಿಕೊಂಡ ಗೆರೆ.

ಜೋಡಿ ಮಾಡಿ ನೋಡಿದಾಗ ಕಂಡದ್ದು ಹೀಗೆ. ವೈಲ್ಡ್ ಟರ್ಕಿ ಮುಂದೆ ಮಕನೂಡೊ ಸಪ್ಪಗಾಯಿತು. ಅದರ ಹಸಿ ಗೋಡಂಬಿಯಂಥ ಮೆದು ರುಚಿ ಒಂದೇ ಗುಟುಕಿಗೆ ತೊಳೆದು ಹೋಯಿತು. ಮೇಕರ್ಸ್ ಮಾರ್ಕ್ ಜೊತೆ ಚೆನ್ನಾಗಿತ್ತು, ಆದರೆ ಅರ್ಧ ದಾಟಿದ ಮೇಲೆ ಸಿಹಿಗೆ ಸಿಹಿ ಸೇರಿ ಬೇಸರ ಬಂತು. ಪಾಡ್ರೋನ್, ವೈಲ್ಡ್ ಟರ್ಕಿ ಎರಡೂ ಗಟ್ಟಿ. ಹೊಟ್ಟೆ ತುಂಬಿಸಿಕೊಂಡು ಮತ್ತೆ ನೋಡಿದರೂ ಖಾರದ ಮೇಲೆ ಖಾರ, ಬೇರೇನೂ ತಿಳಿಯಲಿಲ್ಲ. ಗ್ಲಾಸಿಗೆ ಅರ್ಧ ಚಮಚ ನೀರು ಬಿಟ್ಟ ಮೇಲೆ ಸ್ವಲ್ಪ ಬಾಯಿ ಬಿಟ್ಟಿತು.

ನನಗೆ ಮನಸ್ಸು ತುಂಬಿದ್ದು ಪಾಡ್ರೋನ್ ಮತ್ತು ಮೇಕರ್ಸ್ ಮಾರ್ಕ್. ಮೊದಲ ಅಂಗುಲದಲ್ಲಿ ಕಾಳುಮೆಣಸು. ನಡುವೆ ಹುರಿದ ಶೇಂಗಾ, ಆಮೇಲೆ ಕಹಿ ಕಾಫಿ. ಕೊನೆಯಲ್ಲಿ ಅಥಣಿಯ ಹೊಸ ಚಪ್ಪಲಿ ತಂದಾಗ ಕಾಗದ ಬಿಚ್ಚಿದರೆ ಬರುವ ತೊಗಲಿನ ವಾಸನೆ. ಈ ಕಹಿಯ ನಡುನಡುವೆ ಕುಂದಾ ರುಚಿಯ ಗುಟುಕು ಬಂದರೆ ಎರಡೂ ಬೇರೆ ಬೇರೆಯಾಗಿ ತಿಳಿಯುತ್ತವೆ. ಗಡಿಬಿಡಿ ಮಾಡಬಾರದು, ನಿಮಿಷಕ್ಕೊಂದು ದಮ್ಮು ಸಾಕು. ಬೇಗ ಬೇಗ ಎಳೆದರೆ ಸಿಗಾರ್ ಕಾದು ಬರೀ ಕಹಿ ಆಗುತ್ತದೆ.

ಒಂದನ್ನೇ ಆರಿಸು ಅಂದರೆ ನಾನು ಸಿಗಾರ್ ಅನ್ನುತ್ತೇನೆ. ಒಂದು ಗಂಟೆಯಲ್ಲಿ ಅದು ಮೂರು ಸಲ ಬದಲಾಗುತ್ತದೆ. ಬರ್ಬನ್ ನೀರು ಬಿಟ್ಟಾಗ ಒಮ್ಮೆ ಅರಳುತ್ತದೆ, ಆಮೇಲೆ ಕೊನೆಯ ಗುಟುಕಿನ ತನಕ ಹಾಗೇ. ದೋಸ್ತ ಒಪ್ಪುವುದಿಲ್ಲ. "ನಿಂದು ಒಂದ ತಾಸಿಗೆ ಬೂದಿ, ನನ್ನ ಬಾಟ್ಲಿ ಆರು ತಿಂಗಳು ಅದೇ ರುಚಿ ಕೊಡ್ತೈತಿ" ಅನ್ನುತ್ತಾನೆ. ಅದೂ ನಿಜವೇ. ಬಾಟಲಿಗೆ ಆರೈಕೆ ಬೇಡ, ಕಪಾಟಿನಲ್ಲಿ ಇಟ್ಟು ಮರೆಯಬಹುದು.

ಸಿಗಾರ್ ಮರೆತರೆ ಏನಾಗುತ್ತದೆ ಅಂತ ಕಳೆದ ಮಳೆಗಾಲ ಕಂಡಿದ್ದೇನೆ. ಬೆಳಗಾವಿಯ ಜುಲೈ ಅಂದರೆ ಗೋಡೆಯೂ ಒದ್ದೆ. ಎಲೆ ಒಣಗಬಾರದು ಅಂತ ಡಬ್ಬಿಯಲ್ಲಿ ಹಸಿ ಸ್ಪಂಜು ಬೇರೆ ಇಟ್ಟಿದ್ದೆ. ತೆರೆದಾಗ ಎರಡಕ್ಕೆ ಬೂಷ್ಟು, ಒಂದಕ್ಕೆ ಸೂಜಿಯಿಂದ ಚುಚ್ಚಿದಂಥ ತೂತು. ಅದನ್ನು ಕಾಗದದ ಮೇಲೆ ತಟ್ಟಿದೆ. ಕಂದು ಪುಡಿ ಉದುರಿತು, ಅದರ ಜೊತೆ ಎಳ್ಳಿಗಿಂತ ಸಣ್ಣದೊಂದು ಕಂದು ಹುಳ. ಅಪ್ಪ ಕನ್ನಡಕ ಹಾಕಿ ನೋಡಿ, "ಇದು ನಮ್ಮ ವಖಾರದ ಹುಳಾನ ಐತಲ್ಲೋ ತಮ್ಮಾ" ಅಂದರು. ದೇಶ ಯಾವುದಾದರೇನು, ಎಲೆ ಒಂದೇ, ಹುಳವೂ ಒಂದೇ.

ಹುಳ ಸಾಯಲಿ ಅಂತ ಉಳಿದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೂರು ದಿನ ಫ್ರೀಜರಿನಲ್ಲಿ, ಆಮೇಲೆ ಒಂದು ದಿನ ಕೆಳಗೆ ಫ್ರಿಜ್‌ನಲ್ಲಿ ಇಟ್ಟು ಹೊರಗೆ ತೆಗೆದೆ. ಒಮ್ಮೆಲೇ ಹೊರಗೆ ತಂದರೆ ಹೊದಿಕೆ ಬಿರಿಯುತ್ತದೆ. ಈಗ ಸ್ಪಂಜು ಬಿಟ್ಟಿದ್ದೇನೆ. ಬಿಗಿ ಮುಚ್ಚಳದ ಡಬ್ಬಿ, ತೇವ 65%ಕ್ಕೆ ನಿಲ್ಲಿಸುವ ಚಿಕ್ಕ ಪೊಟ್ಟಣ, ಪಕ್ಕದಲ್ಲೊಂದು ತೇವದ ಮೀಟರು. ಅಪ್ಪ ಬೆಳಗಾವಿಗೆ ಬಂದಾಗಲೆಲ್ಲ ಚಹಾಕ್ಕಿಂತ ಮುಂಚೆ ಆ ಡಬ್ಬಿಯ ಮುಚ್ಚಳ ತೆಗೆದು ಒಮ್ಮೆ ಮೂಸುತ್ತಾರೆ. ಪಾಡ್ರೋನ್ ಇನ್ನು ಮೂರು ಉಳಿದಿವೆ.