ಹಳ್ಳದ ದಂಡೆಯಲ್ಲಿ ಕವಣೆ ಜೇಡವನ್ನು ಹುಡುಕುವ ಬಗೆ

ಥೆರಿಡಿಯೋಸೊಮ್ಯಾಟಿಡೇ ಎಂಬ ಕುಟುಂಬದ ಜೇಡಗಳು ಸಾಮಾನ್ಯವಾಗಿ ಮೂರು ಮಿಲಿಮೀಟರ್‌ಗಿಂತ ದೊಡ್ಡದಾಗುವುದಿಲ್ಲ. ನೆರಳು ಮತ್ತು ತೇವ ಎರಡೂ ಇರುವ ಕಡೆ ಬಲೆ ಕಟ್ಟುವ ಈ ಜೀವಿಗಳಿಗೆ ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಯ ಕಾಡುಹಳ್ಳಗಳ ದಂಡೆ ಹೇಳಿ ಮಾಡಿಸಿದಂಥ ನೆಲೆ. ಇವುಗಳ ಬೇಟೆಯ ರೀತಿಯಿಂದಾಗಿ ಇಲ್ಲಿ ಇವನ್ನು ಕವಣೆ ಜೇಡ ಎಂದೇ ಕರೆಯುತ್ತೇನೆ.

ಮಳೆಗಾಲದ ಅಬ್ಬರ ಇಳಿದು ಹಳ್ಳದ ನೀರು ತಿಳಿಯಾಗುವ ದಿನಗಳಲ್ಲಿ ಹೊರಡುವುದು ಒಳ್ಳೆಯದು. ಒಂದು ಟಾರ್ಚು, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ, ಇಂಬಳ ಹತ್ತದಂತೆ ಉದ್ದನೆಯ ಕಾಲುಚೀಲ ಇದ್ದರೆ ಸಾಕು. ಅಭಯಾರಣ್ಯದ ಒಳಗಾದರೆ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು.

ಜೇಡವನ್ನೇ ಹುಡುಕಲು ಹೋದರೆ ಅದು ಸಿಗುವುದಿಲ್ಲ; ಹುಡುಕಬೇಕಾದದ್ದು ಬಲೆಯನ್ನು, ಅದರಲ್ಲೂ ಬಾಗಿದ ಬಲೆಯನ್ನು. ದಂಡೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಬಂಡೆಗಳ ಸಂದು, ಮರದ ಬೇರುಗಳ ಪೊಟರೆ, ಜರೀಗಿಡಗಳ ಬುಡ ಇವುಗಳ ಕತ್ತಲೆಯನ್ನು ಹಿನ್ನೆಲೆಯಾಗಿಟ್ಟುಕೊಂಡು, ಟಾರ್ಚಿನ ಬೆಳಕನ್ನು ನೇರವಾಗಿ ಹಿಡಿಯದೆ ಒಂದು ಪಕ್ಕದಿಂದ ಓರೆಯಾಗಿ ಹಾಯಿಸಬೇಕು. ಆಗ ಗಾಳಿಗೆ ಹಿಮ್ಮುಖವಾಗಿ ಮಗುಚಿದ ಪುಟ್ಟ ಕೊಡೆಯಂಥ ಬಲೆಯೊಂದು ಹೊಳೆದರೆ ಅಲ್ಲಿಯೇ ನಿಲ್ಲಬೇಕು. ಉಸಿರು ಕೂಡ ಅದಕ್ಕೆ ತಾಗದಷ್ಟು ದೂರದಿಂದ ನೋಡಿದರೆ, ಚಕ್ರದ ಕಡ್ಡಿಗಳಂಥ ಎಳೆಗಳು ಒಂದೊಂದಾಗಿ ನಡುವಿಗೆ ಬರದೆ, ಎರಡು ಮೂರು ಕೂಡಿ ಒಂದೇ ಎಳೆಯಾಗಿ ಜೇಡವನ್ನು ತಲುಪುವುದು ಕಾಣುತ್ತದೆ. ಹಿಂಗಾಲುಗಳಿಂದ ಬಲೆಯನ್ನು ಹಿಡಿದಿರುವ ಜೇಡ ಅದಕ್ಕೆ ಬೆನ್ನು ಮಾಡಿ, ಮುಂಗಾಲುಗಳಿಂದ ಕಲ್ಲಿಗೋ ಕಡ್ಡಿಗೋ ಅಂಟಿಸಿದ ಇನ್ನೊಂದು ಎಳೆಯನ್ನು ಜಗ್ಗಿ ಜಗ್ಗಿ, ಸಡಿಲಾದ ಭಾಗವನ್ನು ಸುರುಳಿ ಮಾಡಿಟ್ಟುಕೊಂಡು ಕಾಯುತ್ತಿರುತ್ತದೆ. ಇಡೀ ಬಲೆಯನ್ನು ಬಿಗಿದಿಟ್ಟಿರುವುದು ಈ ಒಂದು ಎಳೆಯೇ. ಮಲೆನಾಡಿನಲ್ಲಿ ಕಾಣುವ ಬೇರೆ ಗುಮ್ಮಟ ಬಲೆಗಳೂ ಇದೇ ಎಂಬ ಭ್ರಮೆ ಹುಟ್ಟಿಸಬಹುದು. ಆದರೆ ಅವು ದೊಡ್ಡವು, ನೇಯ್ಗೆ ಜಾಳಿಗೆಯಂತೆ ಒತ್ತಾದದ್ದು, ಮತ್ತು ಅವು ಚಿಮ್ಮುವುದಿಲ್ಲ.

ಕವಣೆ ಜೇಡದ ಬಲೆಯಾದರೋ ಚಿಮ್ಮುತ್ತದೆ. ಹುಳುವೊಂದು ಹತ್ತಿರ ಸುಳಿದಾಗ ಜೇಡ ಸುರುಳಿಯನ್ನು ಕೈಬಿಡುತ್ತದೆ, ಬಲೆ ಜೇಡವನ್ನೂ ಹೊತ್ತುಕೊಂಡು ಹಿಂದಕ್ಕೆ ಹಾರಿ ಹುಳುವಿಗೆ ಅಂಟಿಕೊಳ್ಳುತ್ತದೆ. ಪೆರುವಿನ ಕಾಡಿನಲ್ಲಿ ಈ ಕುಟುಂಬದ ಜೇಡವನ್ನು ಅತಿವೇಗದ ಕ್ಯಾಮೆರಾದಲ್ಲಿ ಚಿತ್ರಿಸಿದ ವಿಜ್ಞಾನಿಗಳಾದ ಸಾದ್ ಭಾಮ್ಲಾ ಮತ್ತು ಸಿಮೋನ್ ಅಲೆಕ್ಸಾಂಡರ್ 2020ರಲ್ಲಿ ಪ್ರಕಟಿಸಿದ ಅಳತೆಯಂತೆ, ಜೇಡದ ವೇಗ ಸೆಕೆಂಡಿಗೆ 4 ಮೀಟರ್ ದಾಟುತ್ತದೆ, ವೇಗೋತ್ಕರ್ಷ (ವೇಗ ಏರುವ ದರ) ಗುರುತ್ವದ 130 ಪಟ್ಟಿನಷ್ಟಿರುತ್ತದೆ. ಬರಿಗಣ್ಣಿಗೆ ಅದು ಕಾಣದು. ಕೊಡೆಯಂತಿದ್ದ ಬಲೆ ಸಪಾಟಾದದ್ದು ಮಾತ್ರ ತಿಳಿಯುತ್ತದೆ. ಅಮೆರಿಕದ ಆಕ್ರನ್ ವಿಶ್ವವಿದ್ಯಾಲಯದ ಸಂಶೋಧಕರು ಸೊಳ್ಳೆಗಳನ್ನೂ ಶ್ರುತಿಕವೆಯನ್ನೂ (ಬಡಿದರೆ ಒಂದೇ ಸ್ವರ ಹೊಮ್ಮಿಸುವ ಕವಲಾದ ಲೋಹದ ಸಾಧನ) ಬಳಸಿ ನಡೆಸಿದ ಪರೀಕ್ಷೆಗಳಲ್ಲಿ, ಬೇಟೆ ಬಲೆಯನ್ನು ಮುಟ್ಟುವ ಮೊದಲೇ, ರೆಕ್ಕೆಯ ಸದ್ದಿಗೇ ಜೇಡ ಬಲೆಯನ್ನು ಬಿಡುವುದು ಕಂಡುಬಂತು.

ಆದ್ದರಿಂದ ಬಲೆಯ ಬಳಿ ಚಿಟಿಕೆ ಹೊಡೆದರೂ ಅದು ಚಿಮ್ಮಬಹುದು. ಒಂದು ಬಲೆಗೆ ಒಂದೇ ಚಿಟಿಕೆ ಎಂಬುದು ನಾನು ಪಾಲಿಸುವ ನಿಯಮ, ಏಕೆಂದರೆ ಪ್ರತಿ ಸುಳ್ಳು ಕರೆಗೂ ಜೇಡ ಮತ್ತೆ ಮೊದಲಿನಿಂದ ಎಳೆಯನ್ನು ಜಗ್ಗಿ ಬಿಗಿಯಬೇಕಾಗುತ್ತದೆ. ನಿಜಕ್ಕೂ ನೋಡತಕ್ಕದ್ದು ಈ ಮರುಬಿಗಿತವೇ. ಅದಕ್ಕೆ ಎಷ್ಟು ಹೊತ್ತು ಹಿಡಿಯಿತು, ಬಲೆ ನೀರಿನಿಂದ ಎಷ್ಟು ಎತ್ತರದಲ್ಲಿತ್ತು ಎಂಬುದನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಫೋಟೋಕ್ಕಾಗಿ ಬಲೆಗೆ ಹಿಟ್ಟು ಉದುರಿಸುವವರಿದ್ದಾರೆ. ಅದು ಅಂಟನ್ನು ಕೆಡಿಸುವುದರಿಂದ ದಯವಿಟ್ಟು ಬೇಡ, ಓರೆ ಬೆಳಕೇ ಸಾಕು.

ಬಲೆ ಸಿಗದ ದಿನ ಉದ್ದನೆಯ ಎಳೆಯ ತುದಿಯಲ್ಲಿ ತೂಗುವ ಕಂದು ಬಣ್ಣದ ಸಣ್ಣ ಮೊಟ್ಟೆಚೀಲವನ್ನು ಹುಡುಕಬಹುದು. ಅಂಥದ್ದು ಕಂಡರೆ ಆ ಕಲ್ಲುಸಂದಿನ ಗುರುತಿಟ್ಟುಕೊಂಡು ಮಾರನೆಯ ಬೆಳಿಗ್ಗೆ ಅಲ್ಲಿಗೇ ಮರಳಬೇಕು.