ಹಣೆ ಮೊಣಕಾಲಿಗೆ ತಾಗಲೇಬೇಕಾ? ಕ್ಲಾಸಿನಲ್ಲಿ ಯಮ ನಿಯಮ ಪಾಲಿಸುವುದು ಹೀಗೆ

ಕಾರವಾರದ ಯೋಗ ಕ್ಲಾಸುಗಳಲ್ಲಿ ಆಸನಗಳ ಹೆಸರು ಎಲ್ಲರಿಗೂ ಬಾಯಿಪಾಠ. ಯಮ (ಬೇರೆಯವರೊಂದಿಗಿನ ನಡತೆಯ ಕಟ್ಟುಪಾಡು), ನಿಯಮ (ನಮಗೆ ನಾವೇ ಹಾಕಿಕೊಳ್ಳುವ ಶಿಸ್ತು) ಅಂದರೆ ಮಾತ್ರ ‘ಅದೆಲ್ಲ ಸನ್ಯಾಸಿಗಳಿಗೆ’ ಅನ್ನುತ್ತಾರೆ. ‘ಯೋಗಸೂತ್ರ’ದಲ್ಲಿ ಪತಂಜಲಿ ಹೇಳುವ ಯೋಗದ ಎಂಟು ಅಂಗಗಳಲ್ಲಿ ಮೊದಲೆರಡು ಅವೇ. ಆಸನ ಮೂರನೆಯದು, ಅದಕ್ಕೆ ಮೀಸಲಿಟ್ಟಿದ್ದು ಬರೀ 3 ಸೂತ್ರ.

1. ಖಾಲಿ ಹೊಟ್ಟೆಯಲ್ಲಿ, ಕೈಕಾಲು ತೊಳೆದುಕೊಂಡು, ಹೊತ್ತಿಗೆ ಸರಿಯಾಗಿ ಹೋಗಿ. ಮೊದಲೆರಡು ಶೌಚ, ಅಂದರೆ ಶುಚಿತ್ವದ ನಿಯಮ. ತಡವಾಗಿ ಬಂದು ಮುಂದಿನ ಸಾಲಿಗೆ ನುಗ್ಗಿದರೆ ಉಳಿದವರ ಸಮಯ ಕದ್ದ ಹಾಗೆ, ಅಸ್ತೇಯ (ಕದಿಯದಿರುವುದು) ಅಲ್ಲೇ ಮುರಿಯಿತು. ಹಾಂ, ತೆಳು ಪ್ಲಾಸ್ಟಿಕ್ ಮ್ಯಾಟ್ ಕೊಳ್ಳಬೇಡಿ. ನಮ್ಮ ಸೆಕೆಗೆ ಬೆವರಿ ಜಾರುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಈಗಾಗಲೇ ಕೊಂಡಿದ್ದರೆ ಮೇಲೊಂದು ಹತ್ತಿ ಜಮಖಾನೆ ಹಾಸಿ.

2. ಬಿಪಿ, ಸೊಂಟನೋವು, ಆಪರೇಷನ್ ಏನಿದ್ದರೂ ಶುರುವಾಗುವ ಮೊದಲೇ ಗುರುಗಳಿಗೆ ಹೇಳಿ. ಇದು ಸತ್ಯ ಅನ್ನುವ ಯಮ.

3. ಎಲ್ಲರೂ ಎಡವುವುದು ಇಲ್ಲಿ. ಪಶ್ಚಿಮೋತ್ತಾನಾಸನ (ಕಾಲು ಚಾಚಿ ಕೂತು ಹಣೆಯನ್ನು ಮೊಣಕಾಲಿನತ್ತ ಬಾಗಿಸುವುದು) ಅಂದ ಕೂಡಲೇ ಹೆಬ್ಬೆರಳು ಹಿಡಿದು ಜಗ್ಗತೊಡಗುತ್ತಾರೆ. ಬೆನ್ನು ಗೂನಾಗುತ್ತದೆ, ಹಲ್ಲು ಕಚ್ಚುತ್ತಾರೆ, ಉಸಿರು ಕಟ್ಟುತ್ತಾರೆ. ಜೂನ್ 21ರ ಯೋಗ ದಿನದ ಹುಮ್ಮಸ್ಸಿಗೆ ಸೇರಿ ಹೀಗೇ ಸೊಂಟ ಹಿಡಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಅಹಿಂಸೆ ನಮ್ಮ ಮೈಗೂ ಅನ್ವಯಿಸುತ್ತದೆ ಅಲ್ವಾ?

ಕಾಲು ಚಾಚಿ ನೆಟ್ಟಗೆ ಕೂರಿ. ತೊಡೆಯ ಹಿಂಭಾಗ ಬಿಗಿಯಾಗಿದ್ದರೆ ಮೊಣಕಾಲು ಸ್ವಲ್ಪ ಮಡಚಿ, ಪಾದಕ್ಕೆ ಹಳೆಯ ಟವೆಲ್ ಸುತ್ತಿ ಹಿಡಿಯಿರಿ. ಉಸಿರು ಬಿಡುತ್ತಾ ಸೊಂಟದ ಕೀಲಿನಿಂದ ಬಾಗಿ. ತಲೆ ಮೊದಲು ಇಳಿಯಬಾರದು. ಉಸಿರು ತಡೆತಡೆದು ಬಂತೋ, ಎರಡು ಅಂಗುಲ ಹಿಂದೆ ಬನ್ನಿ. ‘ಸ್ಥಿರಸುಖಮಾಸನಮ್’ (ಸ್ಥಿರವೂ ಸುಖವೂ ಆಗಿರುವುದೇ ಆಸನ) ಎಂದ ಮರುಸೂತ್ರದಲ್ಲೇ ಪತಂಜಲಿ ಪ್ರಯತ್ನ ಸಡಿಲಿಸಲು ಹೇಳುತ್ತಾರೆ. ಅಲುಗಾಡದೆ, ಆರಾಮವಾಗಿ ನಾಲ್ಕೈದು ಉಸಿರು ನಿಲ್ಲಲು ಆದರೆ ಅದೇ ನಿಮ್ಮ ಇವತ್ತಿನ ಆಸನ. ಯಾರಾದರೂ ಬೆನ್ನು ಒತ್ತಲು ಬಂದರೆ ‘ಇಷ್ಟೇ ಸಾಕು ಸರ್’ ಅನ್ನಲು ನಾಚಬೇಡಿ. ಹಾಗಂತ ಸುಮ್ನೆ ಕೂತು ಸಂತೋಷ (ಇದ್ದಷ್ಟಕ್ಕೆ ತೃಪ್ತಿಪಡುವ ನಿಯಮ) ಪಾಲಿಸುತ್ತಿದ್ದೇನೆ ಅನ್ನುವುದೂ ಬೇಡ, ತಪಸ್ಸು, ಅಂದರೆ ಬಿಡದೆ ಶ್ರಮಿಸುವುದು ಕೂಡ ನಿಯಮವೇ.

4. ಪಕ್ಕದವರ ಕಡೆ ನೋಡಬೇಡಿ. ಗೋಕರ್ಣದ ಕ್ಲಾಸಿಗೆ ಹೋಗುವವರಿಗಂತೂ ಇದು ಕಷ್ಟ. ಎದುರಿಗೇ ಯಾರೋ ವಿದೇಶಿ ಯುವತಿ ಎರಡಾಗಿ ಮಡಚಿಕೊಂಡಿರುತ್ತಾಳೆ. ಕಣ್ಣು ಮುಚ್ಚಿಬಿಡಿ. ಫೋನ್ ಚಪ್ಪಲಿ ಬಿಡುವ ಕಡೆಯೇ ಇರಲಿ. ಪ್ರತಿ ಆಸನಕ್ಕೂ ಒಂದು ಫೋಟೊ ಬೇಕು ಅನ್ನುವ ಆಸೆಗೆ ಅಪರಿಗ್ರಹವೇ (ಬೇಡದ್ದನ್ನು ಕೂಡಿಡದಿರುವುದು) ಮದ್ದು.

5. ಶವಾಸನ ಬಂತೆಂದರೆ ಅರ್ಧ ಕ್ಲಾಸು ಮ್ಯಾಟ್ ಸುತ್ತಿ ಸ್ಕೂಟರ್ ಕೀ ಹುಡುಕುತ್ತದೆ. ಮಾಡಿದ ಕೆಲಸದ ಫಲ ಬಿಟ್ಟು ಮಲಗುವ ಈ ಐದು ನಿಮಿಷವೇ ನನ್ನ ಪ್ರಕಾರ ಈಶ್ವರಪ್ರಣಿಧಾನಕ್ಕೆ (ಎಲ್ಲವನ್ನೂ ದೇವರಿಗೆ ಒಪ್ಪಿಸುವ ನಿಯಮ) ಹತ್ತಿರದ್ದು. ಆಫೀಸಿಗೆ ತಡವಾಗುವುದಾದರೆ ಒಂದು ಆಸನ ಕಡಿಮೆ ಮಾಡಿ, ಇದನ್ನು ಬಿಡಬೇಡಿ. ಏಳುವಾಗ ಬಲಕ್ಕೆ ಹೊರಳಿ, ಕೈ ಊರಿ ನಿಧಾನಕ್ಕೆ ಏಳಿ.